ಬ್ಯಾಟರಿಗೂ ಥಂಡಿ ಹತ್ತುತ್ತದೆ

ನಮ್ಮ ಬೀದರ್ ಜಿಲ್ಲೆಯ ಚಳಿ ಗೊತ್ತಲ್ಲ? ಡಿಸೆಂಬರ್, ಜನವರಿ ಬಂತೆಂದರೆ ರಾಜ್ಯದಲ್ಲೇ ಕಡಿಮೆ ಉಷ್ಣಾಂಶ ಬೀದರ್‌ನಲ್ಲಿ ಎಂಬ ಸುದ್ದಿ ಪತ್ರಿಕೆಯಲ್ಲಿ ಆಗಾಗ ಕಾಣುತ್ತದೆ. ಅಂಥದೊಂದು ರಾತ್ರಿ ಬಗದಲ್‌ನ ನಮ್ಮ ಮನೆಯಲ್ಲಿ ಮಗನ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಗೆ ಹಾಕಿದ್ದೆವು. ಬೆಳಿಗ್ಗೆ ನನ್ನಾಕೆಯ ಕಣ್ಣು ತೋರಿಸಲು ಬೀದರ್‌ಗೆ ಹೋಗಬೇಕಿತ್ತು. ಥಂಡಿಗೆ ಬ್ಯಾಟರಿ ಬೇಗ ಇಳಿಯುತ್ತದೆ ಎಂದು ಯಾರೋ ಹೇಳಿದ್ದು ನೆನಪಾಗಿ, ನಾನು ಒಂದು ಕೌದಿ ತಂದು ಸ್ಕೂಟರಿಗೂ ಚಾರ್ಜರಿಗೂ ಸೇರಿಸಿ ಹೊದಿಸಿಬಿಟ್ಟೆ.

ನೀರು ಕುಡಿಯಲು ಎದ್ದಿದ್ದ ಮೊಮ್ಮಗಳು, "ಮುತ್ಯಾ, ಮೊದಲ ಆ ಕೌದಿ ತೆಗಿ!" ಎಂದು ಕೂಗಿದಳು. ಮುಟ್ಟಿ ನೋಡಿದರೆ ಚಾರ್ಜರ್ ಸುಡುತ್ತಿತ್ತು. ಚಾರ್ಜರ್ ಕೆಲಸ ಮಾಡುವಾಗ ತಾನೇ ಬಿಸಿಯಾಗುತ್ತದೆ, ಅದಕ್ಕೆ ಗಾಳಿ ಬೇಕು. ಮುಚ್ಚಿದರೆ ಬೆಂಕಿಯ ಭಯ. ಎಂಟನೇ ತರಗತಿಯ ಹುಡುಗಿಗೆ ಗೊತ್ತಿದ್ದದ್ದು ನನಗೆ ಹೊಳೆದಿರಲಿಲ್ಲ.

ಆದರೆ ನನ್ನ ಅನುಮಾನ ಪೂರ್ತಿ ಸುಳ್ಳಲ್ಲ. ಅಣ್ಣನ ಮಗ ಅಮೆರಿಕದ ಶಿಕಾಗೋ ಹತ್ತಿರ ಇದ್ದಾನೆ. 2024ರ ಜನವರಿಯಲ್ಲಿ ಅಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿಗೂ ಕೆಳಗೆ ಇಳಿದಿತ್ತು. ಚಾರ್ಜಿಂಗ್ ಕೇಂದ್ರಗಳ ಮುಂದೆ ಎಲೆಕ್ಟ್ರಿಕ್ ಕಾರುಗಳ ಉದ್ದುದ್ದ ಸಾಲು. ಕಾದು ಕಾದು ಕೆಲವು ಸರದಿಯಲ್ಲೇ ನಿಂತುಹೋದವು, ಎಳೆದೊಯ್ಯಬೇಕಾಯಿತು. "ಕಾಕಾ, ವಾಯರ್ ಹಚ್ಚಿದರೂ ಕರೆಂಟ್ ಏರವಲ್ದು" ಎಂದು ಅವನು ಫೋನಿನಲ್ಲಿ ಹೇಳಿದ್ದ.

ಯಾಕೆ ಹಾಗೆ? ಬ್ಯಾಂಕಿನ ಭಾಷೆಯಲ್ಲೇ ಹೇಳುತ್ತೇನೆ, ಮೂವತ್ತು ವರ್ಷ ಕೌಂಟರಿನಲ್ಲಿ ಕೂತವನು ನಾನು. ಲಿಥಿಯಂ ಬ್ಯಾಟರಿ ಚಾರ್ಜ್ ಆಗುವುದೆಂದರೆ ಲಿಥಿಯಂ ಅಯಾನುಗಳೆಂಬ ಸಣ್ಣ ಕಣಗಳು ಒಂದು ದ್ರವದ ಮೂಲಕ ಸಾಗಿ ಗ್ರಾಫೈಟ್ ಪದರಗಳ ಒಳಗೆ ಸೇರುವುದು. ಹಣ ಕಟ್ಟಲು ಬಂದ ಜನರಂತೆ ಎಂದುಕೊಳ್ಳಿ. ಚಳಿಗೆ ಆ ದ್ರವ ಮಂದವಾಗುತ್ತದೆ, ಜನ ತಡವಾಗಿ ಬರುತ್ತಾರೆ. ಗುಮಾಸ್ತನ ಬೆರಳೂ ಸೆಟೆದಿದೆ, ನೋಟು ಎಣಿಸುವುದು ನಿಧಾನ. ಅಂಥ ಹೊತ್ತಿನಲ್ಲಿ ನೂಕಿದರೆ ಏನಾಗುತ್ತದೆ? ಹಣವನ್ನು ಮೇಜಿನ ಮೇಲೆಯೇ ಸುರಿದು ಹೋಗುತ್ತಾರೆ, ಖಾತೆಗೆ ಜಮೆಯಾಗುವುದಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಜೋರಾಗಿ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಸೇರದೆ ಗ್ರಾಫೈಟಿನ ಮೇಲೆಯೇ ಲೋಹವಾಗಿ ಕೂಡುತ್ತದೆ. ಬ್ಯಾಟರಿಯ ಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ, ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ.

ಆದ್ದರಿಂದ ಕಾರಿನ ಕಂಪ್ಯೂಟರ್ ಮೊದಲು ಬ್ಯಾಟರಿಯನ್ನು ಬೆಚ್ಚಗೆ ಮಾಡಿ, ಆಮೇಲೆ ಕರೆಂಟ್ ಒಳಗೆ ಬಿಡುತ್ತದೆ. ಒಬ್ಬೊಬ್ಬರಿಗೂ ಹೆಚ್ಚು ಹೊತ್ತು, ಹಿಂದೆ ನಿಂತವರ ಸಾಲು ಉದ್ದ. ಪಿಂಚಣಿ ದಿನದ ಬ್ಯಾಂಕು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಪೆಟ್ರೋಲ್ ಎಂಜಿನ್ ವ್ಯರ್ಥ ಮಾಡುವ ಬಿಸಿಯಿಂದಲೇ ಕಾರಿನ ಒಳಗೆ ಬೆಚ್ಚಗಾಗುತ್ತದೆ. ಎಲೆಕ್ಟ್ರಿಕ್ ಕಾರಿಗೆ ಅಷ್ಟು ಬಿಸಿ ಇಲ್ಲ, ಹೀಟರ್ ಕೂಡ ಬ್ಯಾಟರಿಯನ್ನೇ ತಿನ್ನುತ್ತದೆ.

ಹಾಗಾದರೆ ಚಳಿ ದೇಶಗಳಿಗೆ ಈ ಗಾಡಿ ಬೇಡವೇ? ಹಿಮದ ನಾಡಾದ ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಪ್ರತಿ 100 ಹೊಸ ಕಾರುಗಳಲ್ಲಿ 88ಕ್ಕೂ ಹೆಚ್ಚು ಎಲೆಕ್ಟ್ರಿಕ್! ಅಲ್ಲಿ ಬಹಳ ಜನ ಮನೆಯಲ್ಲೇ ರಾತ್ರಿ ನಿಧಾನವಾಗಿ ಚಾರ್ಜ್ ಮಾಡುತ್ತಾರೆ. ನಮ್ಮ ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ಪುಟ್ಟ ರೇವಾ ಕಾರು ಕೂಡ ಲಂಡನ್ನಿನ ಚಳಿಯಲ್ಲಿ ಓಡಾಡಿದೆ. ಅದರಲ್ಲಿದ್ದದ್ದು ಲಿಥಿಯಂ ಅಲ್ಲ, ಹಳೆಯ ಸೀಸದ ಬ್ಯಾಟರಿ.

ಅಣ್ಣನ ಮಗ ಈಗ ಒಂದು ಉಪಾಯ ಕಲಿತಿದ್ದಾನೆ. ಹೊರಡುವಾಗಲೇ ಕಾರಿನ ನಕ್ಷೆಯಲ್ಲಿ ಚಾರ್ಜಿಂಗ್ ಕೇಂದ್ರದ ಹೆಸರು ಹಾಕುತ್ತಾನೆ. ದಾರಿಯಲ್ಲೇ ಬ್ಯಾಟರಿ ಬೆಚ್ಚಗಾಗುತ್ತದೆ, ಮುಟ್ಟಿದ ಕೂಡಲೇ ಕರೆಂಟ್ ಏರುತ್ತದೆ.

ಬೀದರ್‌ನ ಚಳಿ ಸೊನ್ನೆಗೆ ಇಳಿಯುವುದಿಲ್ಲವಾದ್ದರಿಂದ ನಮಗೆ ಅಷ್ಟು ತೊಂದರೆಯಿಲ್ಲ. ಒಂದು ಚಾರ್ಜಿಗೆ ಸ್ಕೂಟರ್ ಓಡುವ ದೂರ ಸ್ವಲ್ಪ ತಗ್ಗುತ್ತದೆ, ಅಷ್ಟೆ. ಸಂಜೆ ಗಾಡಿ ಮನೆಗೆ ಬಂದಾಗ ಬ್ಯಾಟರಿ ಇನ್ನೂ ಬೆಚ್ಚಗಿರುತ್ತದೆ, ಚಳಿಗಾಲದಲ್ಲಿ ಆಗಲೇ ಚಾರ್ಜಿಗೆ ಹಚ್ಚುವುದು ಒಳ್ಳೆಯದು. ಬೇಸಿಗೆಯಲ್ಲಿ ಇದು ತಲೆಕೆಳಗು: 40 ಡಿಗ್ರಿ ಬಿಸಿಲಲ್ಲಿ ಓಡಿಸಿ ತಂದ ಗಾಡಿಯನ್ನು ನೆರಳಲ್ಲಿ ನಿಲ್ಲಿಸಿ, ಆರಿದ ಮೇಲೆಯೇ ಚಾರ್ಜ್ ಮಾಡಬೇಕು.

ಆ ದಿನ ಬೀದರ್‌ಗೆ ಹೋಗಿ ಮನೆಗೆ ಮರಳಿದಾಗಲೂ ಸ್ಕೂಟರಿನಲ್ಲಿ ಚಾರ್ಜ್ ಉಳಿದಿತ್ತು. ಕೌದಿ ಹೊದಿಸಿದ ಕಥೆಯನ್ನು ಮೊಮ್ಮಗಳು ಅಷ್ಟರಲ್ಲಿ ಓಣಿಗೆಲ್ಲ ಹೇಳಿ ಮುಗಿಸಿದ್ದಳು.