ನುಣುಪು ಕಾಗದದ ಮೇಲೆ ಸುಳ್ಳು ನೇಯ್ಗೆ

ಹಳೆಯ ಕಪ್ಪು-ಬಿಳುಪು ಛಾಯಾಚಿತ್ರಗಳ ಕಟ್ಟು ಬಿಚ್ಚಿದರೆ ಅಪರೂಪಕ್ಕೊಂದು ವಿಚಿತ್ರ ಪ್ರಿಂಟ್ ಸಿಗುತ್ತದೆ. ನಾಲ್ಕು ಹೆಜ್ಜೆ ದೂರದಿಂದ ಅದು ಒರಟು ಕ್ಯಾನ್ವಾಸಿನ ಮೇಲೆ ಇದ್ದಿಲಿನಲ್ಲಿ ಬರೆದ ಚಿತ್ರದಂತಿರುತ್ತದೆ. ಹತ್ತಿರ ಹಿಡಿದರೆ ಬಟ್ಟೆಯ ಹಾಸುಹೊಕ್ಕು ಎಳೆಎಳೆಯಾಗಿ ಕಾಣುತ್ತದೆ. ಬೆರಳಾಡಿಸಿದಾಗ ಮಾತ್ರ ಗುಟ್ಟು ರಟ್ಟಾಗುತ್ತದೆ: ಕಾಗದ ಪೂರಾ ನುಣುಪು. ಎಳೆಗಳಿರುವುದು ಕಾಗದದ ಮೈಮೇಲಲ್ಲ, ಚಿತ್ರದೊಳಗೆ.

ಈ ಕಣ್ಕಟ್ಟಿನ ಹಿಂದಿದ್ದ ಸಲಕರಣೆ ಟೆಕ್ಸ್ಚರ್ ಸ್ಕ್ರೀನ್. ಬಟ್ಟೆಯ ನೇಯ್ಗೆ, ಮರಳಿನ ಹರಳು, ಕುಂಚದ ಗೀರು, ತಾಮ್ರದ ತಗಡಿನ ಮೇಲೆ ಕೊರೆದಂಥ ಗೆರೆ, ಹೀಗೆ ಯಾವುದಾದರೊಂದು ವಿನ್ಯಾಸವನ್ನು ತೆಳ್ಳಗೆ ಮೂಡಿಸಿದ ಪಾರದರ್ಶಕ ಫಿಲ್ಮ್ ಹಾಳೆ ಅದು. ಡಾರ್ಕ್ ರೂಮಿನಲ್ಲಿ ನೆಗೆಟಿವ್‌ನಿಂದ ಪ್ರಿಂಟ್ ತೆಗೆಯುವಾಗ ಬೆಳಕಿನ ದಾರಿಗೆ ಇದನ್ನು ಅಡ್ಡ ಇಟ್ಟರೆ ಚಿತ್ರದ ಜೊತೆ ವಿನ್ಯಾಸವೂ ಕಾಗದಕ್ಕೆ ಇಳಿಯುತ್ತದೆ. ಬ್ರಿಟನ್ನಿನ ಪ್ಯಾಟರ್ಸನ್ ಕಂಪನಿ ಇಂಥ ತುಂಡುಗಳನ್ನು ಸೆಟ್ಟಾಗಿಯೇ ಮಾರುತ್ತಿತ್ತು. ಕೊಳ್ಳಲಾಗದವರು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. ಮನೆಯದೇ ಎಷ್ಟೋ ಸಲ ಚೆನ್ನಾಗಿರುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಬೆಳಕಿಗೂ ಚಿತ್ರಕ್ಕೂ ನಡುವೆ ಬಟ್ಟೆ ಹಿಡಿಯುವ ಯೋಚನೆ ಫೋಟೊಗ್ರಫಿಯಷ್ಟೇ ಹಳೆಯದು ಎನ್ನಬಹುದು. ನೆಗೆಟಿವ್-ಪಾಸಿಟಿವ್ ಪದ್ಧತಿಯನ್ನು ಕೊಟ್ಟ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1852ರಲ್ಲಿ ಪಡೆದ ಪೇಟೆಂಟಿನಲ್ಲೇ ಜಾಳು ಬಟ್ಟೆಯ ಪ್ರಸ್ತಾಪವಿದೆ. ಅವನಿಗೆ ಅಂದಚಂದದ ಉದ್ದೇಶವೇನೂ ಇರಲಿಲ್ಲ. ಫೋಟೊವನ್ನು ಲೋಹದ ತಗಡಿಗೆ ಇಳಿಸಿ ಶಾಯಿಯಲ್ಲಿ ಅಚ್ಚು ಹಾಕಬೇಕಿತ್ತು. ತಗಡಿನಲ್ಲಿ ಅಗಲವಾಗಿ ಕೊರೆದ ಕಪ್ಪು ಭಾಗ ಶಾಯಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಒರೆಸುವ ಅರಿವೆಯ ಜೊತೆ ಶಾಯಿ ಬಂದುಬಿಡುತ್ತದೆ. ಬಟ್ಟೆಯ ಎಳೆಗಳ ನೆರಳು ಬಿದ್ದರೆ ಅದೇ ಕಪ್ಪು ಸಾವಿರಾರು ಸಣ್ಣ ಗುಳಿಗಳಾಗಿ ಒಡೆಯುತ್ತದೆ, ಗುಳಿಗಳಲ್ಲಿ ಶಾಯಿ ನಿಲ್ಲುತ್ತದೆ. ಇದೇ ಯೋಚನೆ ಬೆಳೆದು 1882ರಲ್ಲಿ ಜರ್ಮನಿಯ ಜಾರ್ಜ್ ಮೈಸೆನ್‌ಬಾಖ್‌ನ ಹಾಫ್‌ಟೋನ್ ಪೇಟೆಂಟಿಗೆ, ಅಂದರೆ ಚಿತ್ರವನ್ನು ಚುಕ್ಕೆಗಳಾಗಿ ಒಡೆದು ಅಚ್ಚು ಹಾಕುವ ವಿಧಾನಕ್ಕೆ, ಬಂತು. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ನಮ್ಮ ಪತ್ರಿಕೆಗಳು ಫೋಟೊ ಅಚ್ಚು ಹಾಕಲು ‘ಬ್ಲಾಕ್ ಮಾಡಿಸುತ್ತಿದ್ದುದು’ ಈ ವಂಶದ ವಿದ್ಯೆಯಿಂದಲೇ.

ಅಚ್ಚುಮನೆಯ ಅನಿವಾರ್ಯತೆ ಕಲಾವಿದರ ಕೈಗೆ ಬಂದು ಅಲಂಕಾರವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಫೋಟೊಗ್ರಾಫರುಗಳಿಗೆ ಒಂದು ಕೀಳರಿಮೆ ಕಾಡುತ್ತಿತ್ತು. ಗುಂಡಿ ಒತ್ತಿ ತೆಗೆದದ್ದು ಕಲೆಯಾಗುವುದು ಹೇಗೆ? ಕೈಯ ಗುರುತು ಕಂಡರೆ ಕಲೆ ಎಂದು ಪಿಕ್ಟೋರಿಯಲಿಸ್ಟರು ಎಂಬ ಪಂಥದವರು ತೀರ್ಮಾನಿಸಿದರು. ಗಮ್ ಪ್ರಿಂಟ್, 1907ರ ಬ್ರೋಮಾಯಿಲ್ ಎಲ್ಲವೂ ಫೋಟೊವನ್ನು ಚಿತ್ರಕಲೆಯ ಕಡೆಗೆ ಎಳೆಯುವ ಪ್ರಯತ್ನಗಳೇ. ಬ್ರೋಮಾಯಿಲಿಗೆ ದಿನಗಟ್ಟಲೆ ಸಹನೆ ಬೇಕು, ಶಾಯಿ ಅದ್ದಿದ ಬ್ರಷ್ಷಿನಿಂದ ತಟ್ಟುತ್ತಲೇ ಇರಬೇಕು. ಟೆಕ್ಸ್ಚರ್ ಸ್ಕ್ರೀನ್ ಅದೇ ಊರಿಗೆ ಒಳದಾರಿ. ಒಂದು ಹಾಳೆ ಇಟ್ಟರೆ ಸಾಕು.

ಈ ಒಳದಾರಿಯಲ್ಲಿ ಧೈರ್ಯವಾಗಿ ನಡೆದವನು ಅಮೆರಿಕದ ವಿಲಿಯಂ ಮಾರ್ಟೆನ್‌ಸೆನ್. 1897ರಲ್ಲಿ ಹುಟ್ಟಿದ ಈತ ಹಾಲಿವುಡ್ಡಿನಲ್ಲಿ ದುಡಿದು, ಆಮೇಲೆ ಕ್ಯಾಲಿಫೋರ್ನಿಯಾದ ಲಗೂನ ಬೀಚಿನಲ್ಲಿ ಸ್ವಂತ ಶಾಲೆ ತೆರೆದ. ಮಾಟಗಾತಿಯರು, ದೈತ್ಯರು, ಹಿಂಸೆಯ ದೃಶ್ಯಗಳು ಅವನ ವಸ್ತುಗಳು. ಪ್ರಿಂಟನ್ನು ಬ್ಲೇಡಿನಿಂದ ಕೆರೆಯುತ್ತಿದ್ದ, ಪೆನ್ಸಿಲ್ಲಿನಿಂದ ತಿದ್ದುತ್ತಿದ್ದ, ಸ್ಕ್ರೀನ್ ಹಾಕಿ ತಾಮ್ರದ ತಗಡಿನಿಂದ ತೆಗೆದ ಅಚ್ಚಿನ ಹಾಗೆ ಕಾಣುವಂತೆ ಮಾಡುತ್ತಿದ್ದ. 1932ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನಿಂಗ್‌ಹ್ಯಾಮ್ ಮೊದಲಾದವರು ಎಫ್/64 ಗುಂಪು ಕಟ್ಟಿದ್ದು ಇಂಥ ಕಸರತ್ತುಗಳ ವಿರುದ್ಧವೇ. ಲೆನ್ಸಿನ ಅತಿ ಕಿರಿದಾದ ಕಿಂಡಿಯ ಹೆಸರನ್ನೇ ಗುಂಪಿಗಿಟ್ಟರು. ಎಲ್ಲವೂ ಸ್ಪಷ್ಟ, ಕಾಗದ ಹೊಳಪಿನದು, ಫೋಟೊ ಫೋಟೊವಾಗಿಯೇ ಇರಬೇಕು. ಆಡಮ್ಸ್ ಮಾರ್ಟೆನ್‌ಸೆನ್‌ನನ್ನು ಕ್ರಿಸ್ತವಿರೋಧಿ ಎಂದೇ ಕರೆದ. ಗೆದ್ದವರು ಬರೆದ ಫೋಟೊಗ್ರಫಿಯ ಚರಿತ್ರೆಯಲ್ಲಿ ಮಾರ್ಟೆನ್‌ಸೆನ್‌ಗೆ ಬಹುಕಾಲ ಜಾಗವೇ ಸಿಗಲಿಲ್ಲ. ಅವನ ಚಿತ್ರಗಳಲ್ಲಿ ಹಲವು ನನಗೂ ರುಚಿಸುವುದಿಲ್ಲ. ಆದರೆ ಕಾಗದ, ನೆಗೆಟಿವ್, ಬೆಳಕು ಮೂರೂ ಹೇಗೆ ವರ್ತಿಸುತ್ತವೆ ಎಂಬುದನ್ನು ಅವನಷ್ಟು ತಿಳಿದವರು ಕಡಿಮೆ.

ಆ ವರ್ತನೆಯೇ ಇಲ್ಲಿ ಮುಖ್ಯ. ಸ್ಕ್ರೀನನ್ನು ಎರಡು ಕಡೆ ಇಡಬಹುದು. ಒಂದು, ಚಿತ್ರವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರಿನೊಳಗೆ ನೆಗೆಟಿವ್‌ಗೆ ಅಂಟಿಕೊಂಡಂತೆ. ಆಗ ಚಿತ್ರ ಹಿಗ್ಗಿದಷ್ಟೂ ವಿನ್ಯಾಸವೂ ಹಿಗ್ಗುತ್ತದೆ. 35 ಎಂಎಂ ನೆಗೆಟಿವನ್ನು 8×10 ಇಂಚಿಗೆ ಹಿಗ್ಗಿಸಿದರೆ ಸುಮಾರು ಏಳು ಪಟ್ಟು. ಸ್ಕ್ರೀನಿನಲ್ಲಿ ಮಿಲಿಮೀಟರಿನ ಹತ್ತನೇ ಒಂದರಷ್ಟಿದ್ದ ಎಳೆ ಪ್ರಿಂಟಿನಲ್ಲಿ 0.7 ಮಿಲಿಮೀಟರ್ ಆಗುತ್ತದೆ, 12×15ಕ್ಕೆ ಹೋದರೆ ಒಂದು ಮಿಲಿಮೀಟರ್ ದಾಟುತ್ತದೆ. ಆ ಗಾತ್ರದಲ್ಲಿ ನವಿರಾದ ನೂಲು ಗೋಣಿಯಾಗಿಬಿಡುತ್ತದೆ. ಎರಡನೆಯದು, ಪ್ರಿಂಟಿನಷ್ಟೇ ದೊಡ್ಡ ಸ್ಕ್ರೀನನ್ನು ಬ್ರೋಮೈಡ್ ಪೇಪರಿನ ಮೇಲೆ ಹಾಸಿ ಗಾಜಿನಿಂದ ಒತ್ತುವುದು. ಇಲ್ಲಿ ಎಳೆಯ ಗಾತ್ರ ಬದಲಾಗುವುದಿಲ್ಲ. ದೊಡ್ಡ ಹಾಳೆ ದುಬಾರಿ ನಿಜ, ಆದರೆ ಕೈಗೆ ಸಿಗುವ ಹಿಡಿತ ಬೇರೆಯೇ.

ಹೊಸಬರು ಎಡವುವುದು ಇನ್ನೊಂದು ಕಡೆ. ನೆಗೆಟಿವ್ ತಲೆಕೆಳಗಿನ ಲೋಕ. ಸ್ಕ್ರೀನಿನಲ್ಲಿ ಕಪ್ಪಾಗಿರುವ ಗೆರೆ ಬೆಳಕನ್ನು ತಡೆಯುವುದರಿಂದ ಪ್ರಿಂಟಿನಲ್ಲಿ ಬಿಳಿ ಗೆರೆಯಾಗುತ್ತದೆ. ಚಿತ್ರದಲ್ಲಿ ಬೆಳ್ಳಗಿರುವ ಜಾಗಕ್ಕೆ ಹೇಗೂ ಬೆಳಕು ಬೀಳುವುದೇ ಕಡಿಮೆ, ಅಲ್ಲಿ ಈ ಗೆರೆ ಕಾಣುವುದಿಲ್ಲ. ಕಡುಗಪ್ಪಿನಲ್ಲಿ ಮಾತ್ರ ಸೀಳಿಕೊಂಡು ಎದ್ದು ಕಾಣುತ್ತದೆ, ಕಪ್ಪಿಗೆ ಬೂದಿ ಬಡಿದಂತಾಗುತ್ತದೆ. ಹಾಗಾಗಿ ಒಳ್ಳೆಯ ಸ್ಕ್ರೀನಿನಲ್ಲಿ ಕಡುಗಪ್ಪು ಇರುವುದೇ ಇಲ್ಲ, ತೆಳು ಬೂದುಬಣ್ಣದ ಏರಿಳಿತ ಮಾತ್ರ. ಇಂಥ ಮೆದು ಸ್ಕ್ರೀನ್ ಬಳಸಿದಾಗ ಸೊಗಸಾದ ಒಂದು ಸಂಗತಿ ನಡೆಯುತ್ತದೆ. ಬ್ರೋಮೈಡ್ ಪೇಪರ್ ಬೆಳಕಿನ ಸಣ್ಣ ವ್ಯತ್ಯಾಸವನ್ನು ಅತ್ಯಂತ ಚುರುಕಾಗಿ ಹಿಡಿಯುವುದು ನಡುವಿನ ಬೂದುಬಣ್ಣಗಳಲ್ಲಿ. ಅಚ್ಚ ಬಿಳುಪಿನಲ್ಲೂ ಅಚ್ಚ ಕಪ್ಪಿನಲ್ಲೂ ಅದು ಮಂದ. ಆದ್ದರಿಂದ ನೇಯ್ಗೆ ಮೂಡುವುದು ಆಕಾಶ, ಗೋಡೆ, ಮಂಜು, ನೆರಳಾಡುವ ಕೆನ್ನೆಯ ಮೇಲೆ. ಕಣ್ಣಿನ ಮಿಂಚೂ ಕೂದಲಿನ ಕಪ್ಪೂ ಹಾಗೆಯೇ ಉಳಿಯುತ್ತವೆ. ಆದರೂ ಒಟ್ಟು ಚಿತ್ರ ತುಸು ಸಪ್ಪೆಯಾಗುವುದರಿಂದ ಒಂದು ಗ್ರೇಡ್ ಗಡಸಾದ, ಅಂದರೆ ಕಪ್ಪು-ಬಿಳುಪಿನ ಅಂತರ ಹೆಚ್ಚಿಸುವ, ಪೇಪರ್ ಬಳಸುವ ರೂಢಿ ಬಂತು.

ಸ್ಕ್ರೀನ್ ಹಾಕಲು ಯಾರಿಗಾದರೂ ಬರುತ್ತದೆ, ಪರಿಣತಿ ಬೇಕಿದ್ದುದು ಅದನ್ನು ತೆಗೆಯುವ ಹೊತ್ತನ್ನು ಅರಿಯಲು. ಸ್ಕ್ರೀನಿಲ್ಲದೆ ಹತ್ತು ಸೆಕೆಂಡ್ ಬೆಳಕು ಬೇಕಾದ ಚಿತ್ರಕ್ಕೆ ಸ್ಕ್ರೀನ್ ಇಟ್ಟಾಗ ಇಪ್ಪತ್ತು ಬೇಕು ಎಂದುಕೊಳ್ಳಿ. ಮೊದಲು ಸ್ಕ್ರೀನಿನಡಿ ಹತ್ತು ಸೆಕೆಂಡ್ ಕೊಟ್ಟು, ದೀಪ ಆರಿಸಿ, ಪೇಪರ್ ಅಲುಗದಂತೆ ಸ್ಕ್ರೀನ್ ಎತ್ತಿ, ಮತ್ತೆ ಐದು ಸೆಕೆಂಡ್ ಬರಿಗಾಗದಕ್ಕೆ ಕೊಟ್ಟರೆ ಅರ್ಧ ನೇಯ್ಗೆ, ಅರ್ಧ ಚಿತ್ರ. ಈ ಪಾಲನ್ನು ಬದಲಿಸುತ್ತ ಹೋದರೆ ಗೋಣಿತಾಟಿನಿಂದ ಮಸ್ಲಿನ್‌ವರೆಗೆ ಯಾವ ನವಿರಾದರೂ ಒಂದೇ ಹಾಳೆಯಿಂದ ಸಿಗುತ್ತದೆ. ಭಾವಚಿತ್ರಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಸ್ಕ್ರೀನ್ ಇರುವಷ್ಟು ಹೊತ್ತು ತಂತಿಯ ತುದಿಗೆ ಅಂಟಿಸಿದ ರಟ್ಟಿನ ಬಿಲ್ಲೆಯನ್ನು ಆಡಿಸುತ್ತ ಮುಖದ ಮೇಲೆ ಬೆಳಕು ಬೀಳದಂತೆ ತಡೆಯುವುದು. ಸ್ಕ್ರೀನ್ ತೆಗೆದ ಮೇಲೆ ತೂತು ಕೊರೆದ ರಟ್ಟಿನಿಂದ ಮುಖಕ್ಕಷ್ಟೇ ಅದರ ಪಾಲಿನ ಬೆಳಕು ಕೊಡುವುದು. ಹಿನ್ನೆಲೆಯೆಲ್ಲ ಕ್ಯಾನ್ವಾಸ್, ಮುಖ ಮಾತ್ರ ಫೋಟೊ, ನಡುವೆ ಗಡಿ ಕಾಣಬಾರದು. ಇದನ್ನು ಮಾಡಿದವರ ಪ್ರಿಂಟುಗಳಲ್ಲಿ ಸ್ಕ್ರೀನ್ ಬಳಸಿದ್ದಾರೆಂದು ಮೊದಲ ನೋಟಕ್ಕೆ ಹೊಳೆಯುವುದೇ ಇಲ್ಲ. ಮೊದಲ ನೋಟಕ್ಕೇ ಹೊಳೆದರೆ ಅದು ಹೆಚ್ಚಾಗಿ ಕೆಟ್ಟ ಪ್ರಿಂಟ್.

ಕೆಡಿಸಲು ದಾರಿಗಳು ಬೇಕಾದಷ್ಟಿದ್ದವು. ಇಳಕಲ್ ಸೀರೆಯ ಚೌಕಳಿಯ ಮೇಲೋ ನಾಡಹೆಂಚಿನ ಮಾಡಿನ ಮೇಲೋ ನೇಯ್ಗೆಯ ಸ್ಕ್ರೀನ್ ಹಾಕಿದರೆ ಎರಡು ವಿನ್ಯಾಸಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಮೂರನೆಯದೊಂದು ಅಲೆಅಲೆಯಾದ ಪಟ್ಟೆ ಹುಟ್ಟುತ್ತದೆ. ಸ್ಕ್ರೀನ್ ಹಾಕಿದ ಪ್ರಿಂಟನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿದಾಗಲೂ ಹಾಫ್‌ಟೋನ್ ಚುಕ್ಕೆಗಳ ಜೊತೆ ಇದೇ ಜಗಳ. ನೇಯ್ಗೆ ಚೌಕಟ್ಟಿಗೆ ತುಸು ಓರೆಯಾದರೂ ಕೆರೆಯ ನೀರು ಒಂದು ಕಡೆ ಇಳಿಜಾರಾದಂತೆ ಕಾಣುತ್ತದೆ. ದೊಡ್ಡ ಗುಂಪಿನ ಚಿತ್ರದಲ್ಲಿ ಒರಟು ಎಳೆಗಳು ಪುಟ್ಟ ಮುಖಗಳ ಕಣ್ಣುಗಳನ್ನೇ ತಿಂದುಹಾಕುತ್ತವೆ.

ನಮ್ಮ ದೇಶದಲ್ಲಿ ಪಿಕ್ಟೋರಿಯಲಿಸಂ ಪಶ್ಚಿಮಕ್ಕಿಂತ ಹೆಚ್ಚು ಕಾಲ ಬಾಳಿತು. ಅದನ್ನು ಸಾಕಿದ್ದು ಸಲಾನ್‌ಗಳು, ಅಂದರೆ ಹವ್ಯಾಸಿಗಳ ಸ್ಪರ್ಧಾ ಪ್ರದರ್ಶನಗಳು. 1953ರಲ್ಲಿ ಶುರುವಾದ ಭಾರತೀಯ ಛಾಯಾಗ್ರಹಣ ಒಕ್ಕೂಟ, 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯೂತ್ ಫೋಟೊಗ್ರಫಿಕ್ ಸೊಸೈಟಿಯಂಥ ಸಂಘಗಳು ಈ ಲೋಕವನ್ನು ಕಟ್ಟಿದವು. ಸಲಾನಿಗೆ ಪ್ರಿಂಟ್ ಕಳಿಸುವವರಿಗೆ ಡಾರ್ಕ್ ರೂಂ ವಿದ್ಯೆಯೇ ಅರ್ಧ ಬಲ. ಪೇಪರ್ ಕೂಡ ಹತ್ತಿರವೇ ತಯಾರಾಗುತ್ತಿತ್ತು: ಊಟಿಯ ಹಿಂದುಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’. ಆ ಕಾರ್ಖಾನೆ ಈಗ ಮುಚ್ಚಿದೆ.

ಸ್ಕ್ರೀನುಗಳ ಪೈಕಿ ಒಂದರ ವಿಷಯ ನಮ್ಮ ಬಯಲುಸೀಮೆಯ ಸ್ಟುಡಿಯೊದವರಿಗೆ ನಗು ತರಿಸಬೇಕು. ಫಿಲ್ಮಿನ ಮೇಲಿರುವುದು ಜೆಲಟಿನ್ ಪದರ. ಬಿಸಿ ದ್ರಾವಣದಿಂದ ತೆಗೆದು ತಟ್ಟನೆ ತಣ್ಣೀರಿಗೆ ಹಾಕಿದರೆ ಅದು ಸುಕ್ಕುಗಟ್ಟಿ, ಬಿರುಕುಬಿಟ್ಟ ಕೆರೆಯಂಗಳದಂಥ ಬಲೆ ಮೂಡುತ್ತದೆ. ಇದಕ್ಕೆ ರೆಟಿಕ್ಯುಲೇಷನ್ ಎಂದು ಹೆಸರು. ರಾಯಚೂರು, ಕಲಬುರಗಿಯಂಥ ಊರುಗಳ ಬೇಸಿಗೆಯಲ್ಲಿ ಡೆವಲಪರ್ ಟ್ರೇಗೆ ಐಸ್ ಒಡ್ಡಿ ಇದು ಬಾರದಂತೆ ಕಾಯುವುದೇ ಕೆಲಸವಾಗಿತ್ತು. ತಂಪು ದೇಶದವರು ಬೇಕೆಂದೇ ನೀರು ಕಾಯಿಸಿ ಈ ರೋಗವನ್ನು ಬರಿಸಿಕೊಂಡು, ಅದನ್ನೊಂದು ಸ್ಕ್ರೀನ್ ಮಾಡಿ ಮಾರಿದರು.

ಕಂಪ್ಯೂಟರ್ ಬಂದ ಮೇಲೆ ಇದೆಲ್ಲ ಒಂದು ಕ್ಲಿಕ್ಕಿನ ಕೆಲಸವಾಯಿತು ಎನ್ನುತ್ತಾರೆ. ಲೆಕ್ಕ ಮಾತ್ರ ಹಳೆಯದೇ. ಫೋಟೊಶಾಪಿನ ‘ಸ್ಕ್ರೀನ್’ ವಿಧಾನ ಎರಡು ಚಿತ್ರಗಳನ್ನು ತಲೆಕೆಳಗು ಮಾಡಿ, ಗುಣಿಸಿ, ಉತ್ತರವನ್ನು ಮತ್ತೆ ತಲೆಕೆಳಗು ಮಾಡುತ್ತದೆ. ನೆಗೆಟಿವ್‌ಗೆ ಸ್ಕ್ರೀನ್ ಅಂಟಿಸಿ ಪ್ರಿಂಟ್ ತೆಗೆಯುವಾಗ ಬೆಳಕು ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ‘ಓವರ್‌ಲೇ’ ಎಂಬ ಇನ್ನೊಂದು ವಿಧಾನ ಅಚ್ಚ ಕಪ್ಪು, ಅಚ್ಚ ಬಿಳುಪನ್ನು ಮುಟ್ಟದೆ ನಡುಬಣ್ಣಗಳಲ್ಲಿ ಆಡುತ್ತದೆ, ಬ್ರೋಮೈಡ್ ಪೇಪರಿನ ಸ್ವಭಾವದಂತೆಯೇ. ಮದುವೆ ಆಲ್ಬಂ ಮಾಡಿಸುವಾಗ ಸ್ಟುಡಿಯೊದವರು ಕ್ಯಾನ್ವಾಸ್ ಬೇಕೋ ಲೆದರ್ ಬೇಕೋ ಎಂದು ಲ್ಯಾಮಿನೇಷನ್ ತೋರಿಸುತ್ತಾರಲ್ಲ, ಅದು ಬೇರೆ ಜಾತಿ. ಅದು ಪ್ಲಾಸ್ಟಿಕ್ಕಿನ ಮೇಲೆ ಒತ್ತಿದ ನಿಜವಾದ ಉಬ್ಬುತಗ್ಗು. ಬೆಳಕು ಓರೆಯಾಗಿ ಬಿದ್ದಾಗ ಹೊಳೆಯುತ್ತದೆ, ಚಿತ್ರದ ಬಿಳುಪು-ಕಪ್ಪು ನೋಡದೆ ಎಲ್ಲ ಕಡೆ ಒಂದೇ ಸಮ.

ಇಂಗ್ಲೆಂಡಿನ ಇಲ್ಫರ್ಡ್, ಜೆಕ್ ದೇಶದ ಫೋಮಾ ಇನ್ನೂ ಕಪ್ಪು-ಬಿಳುಪು ಪೇಪರ್ ತಯಾರಿಸುತ್ತಿವೆ. ಡಾರ್ಕ್ ರೂಂ ಇರಿಸಿಕೊಂಡ ಹವ್ಯಾಸಿಗೆ ಸ್ಕ್ರೀನ್ ಮಾಡಿಕೊಳ್ಳುವುದು ಕಷ್ಟವಲ್ಲ. ಒಂದು ತುಂಡು ಖಾದಿಯನ್ನು ಬಿಗಿಯಾಗಿ ಚಾಚಿ, ಸಂಜೆಯ ಬಿಸಿಲು ಒಂದೇ ಪಕ್ಕದಿಂದ ಸವರುವಂತೆ ನಿಲ್ಲಿಸಿ, ಕ್ಯಾಮೆರಾವನ್ನು ನೇರ ಎದುರಿಗಿಟ್ಟು ತೆಗೆಯಬೇಕು. ಬೆಳಕು ಒಂದೆರಡು ಸ್ಟಾಪ್ ಕಡಿಮೆ ಕೊಟ್ಟು, ಡೆವಲಪರಿನಿಂದ ಬೇಗ ಎತ್ತಬೇಕು. ದಟ್ಟವಾದ ನೆಗೆಟಿವ್ ಬಂದರೆ ಸ್ಕ್ರೀನಾಗಿ ಅದು ಕೆಲಸಕ್ಕೆ ಬಾರದು. ಪತ್ರಿಕೆಯ ಮೇಲಿಟ್ಟಾಗ ಕೆಳಗಿನ ಅಕ್ಷರ ಸಲೀಸಾಗಿ ಓದಲು ಬರಬೇಕು, ಅಷ್ಟು ತೆಳು. ನೆಗೆಟಿವ್ ಜೊತೆ ಇಡುವಾಗ ಎರಡರ ಎಮಲ್ಷನ್ ಮೈಗಳು, ಅಂದರೆ ಜೆಲಟಿನ್ ಪದರದ ಕಡೆಗಳು, ಮುಖಾಮುಖಿ ಇರಲಿ, ಎನ್‌ಲಾರ್ಜರಿನ ಲೆನ್ಸ್ ಎಫ್/11ಕ್ಕೆ ಇಳಿದಿರಲಿ, ಆಗ ಎರಡೂ ಒಟ್ಟಿಗೆ ಫೋಕಸ್ ಆಗುತ್ತವೆ. ಮುಂಚೆ ಎರಡು ಮೈಗಳ ಧೂಳು ಒರೆಸಿದರೆ ಸಾಕಿತ್ತು, ಈಗ ನಾಲ್ಕು. ಗಾಜಿನ ಹೋಲ್ಡರ್ ಆದರೆ ಎಂಟು.