ಮಾಗ್ನೋರ್: ಹಳ್ಳಿಯ ಕಾಡಿನಲ್ಲೊಂದು ತೆರೆದ ಕಾರ್ಖಾನೆ

ಕಾರ್ಖಾನೆ ಎಂದೊಡನೆ ಎತ್ತರದ ಕಾಂಪೌಂಡು, ತಗಡಿನ ಚಾವಣಿ, 'ಒಳಗೆ ಪ್ರವೇಶವಿಲ್ಲ' ಎಂಬ ಫಲಕ ಕಣ್ಣ ಮುಂದೆ ಬರುತ್ತವೆ. ಆದರೆ ನಾರ್ವೆಯ ಮಾಗ್ನೋರ್ ಗ್ರಾಮದ ಪೀಠೋಪಕರಣ ಕಾರ್ಖಾನೆಯ ಚಾವಣಿಯ ಮೇಲೆಯೇ ಸಾರ್ವಜನಿಕರು ಹತ್ತಿ ನಡೆದಾಡಬಹುದು.

ಸ್ವೀಡನ್ ಗಡಿಗೆ ತಾಗಿಕೊಂಡಿರುವ ಈ ಗ್ರಾಮದ ಜನಸಂಖ್ಯೆ ಸುಮಾರು 1,000. 1896ರಲ್ಲಿ ಆರಂಭವಾದ ಗಾಜಿನ ಕಾರ್ಖಾನೆಯೇ ಇದರ ಹಳೆಯ ಹೆಗ್ಗುರುತು. ಅಗ್ಗದ ಸರಕಿಗಾಗಿ ನಾರ್ವೆಯ ಜನ ಗಡಿ ದಾಟಿ ಸ್ವೀಡನ್ನಿನ ಶಾರ್ಲೊಟೆನ್‌ಬರ್ಗ್‌ನ ಮಳಿಗೆಗಳಿಗೆ ಹೋಗುತ್ತಾರೆ. ಹೀಗೆ ಹಣ ಹೊರಗೆ ಹರಿಯುವ ದಾರಿಯಲ್ಲಿರುವ ಹಳ್ಳಿಗೆ ಹೊಸ ಉದ್ಯೋಗದ ಬೆಲೆ ಏನೆಂಬುದನ್ನು ವಿವರಿಸಬೇಕಿಲ್ಲ.

ಉದ್ಯಾನ, ಬೀದಿಗಳಿಗೆ ಬೆಂಚು ತಯಾರಿಸುವ ವೆಸ್ತ್ರೆ ಕಂಪೆನಿ 2022ರಲ್ಲಿ ಇಲ್ಲಿ 'ದಿ ಪ್ಲಸ್' ಎಂಬ ಕಾರ್ಖಾನೆಯನ್ನು ತೆರೆಯಿತು. ನಾರ್ವೆಯ ಪೀಠೋಪಕರಣ ಉದ್ಯಮದಲ್ಲಿ ದಶಕಗಳಲ್ಲೇ ಅತಿ ದೊಡ್ಡ ಹೂಡಿಕೆಯಿದು. ಸ್ಥಳದ ಆಯ್ಕೆಗೆ ವ್ಯಾವಹಾರಿಕ ಅನುಕೂಲವೂ ಇತ್ತು. ಕಂಪೆನಿಯ ಉಕ್ಕಿನ ಘಟಕ ಗಡಿಯಾಚೆ ಸ್ವೀಡನ್ನಿನ ಟೋರ್ಸ್‌ಬಿಯಲ್ಲಿದೆ; ಮರವೂ ಸುತ್ತಲಿನ ಪ್ರದೇಶದ್ದೇ.

ಡೆನ್ಮಾರ್ಕ್ ಮೂಲದ ವಾಸ್ತುಶಿಲ್ಪಿ ಸಂಸ್ಥೆ ಬಿಐಜಿ ರೂಪಿಸಿದ ಈ ಕಟ್ಟಡದ ವಿಸ್ತೀರ್ಣ ಸುಮಾರು 7,000 ಚದರ ಮೀಟರ್. ಹೆಸರಿಗೆ ತಕ್ಕಂತೆ ಆಕಾರವೂ ಕೂಡುವ ಚಿಹ್ನೆಯದು. ಉಗ್ರಾಣ, ಬಣ್ಣಗಾರಿಕೆ, ಮರಗೆಲಸ, ಜೋಡಣೆ ಎಂಬ ನಾಲ್ಕು ವಿಭಾಗಗಳು ನಾಲ್ಕು ತೋಳುಗಳಲ್ಲಿದ್ದು, ನಡುವಿನ ವೃತ್ತಾಕಾರದ ಅಂಗಳದ ಸುತ್ತ ಸಂಧಿಸುತ್ತವೆ. ಹೀಗಾಗಿ ಸರಕು ಒಂದು ವಿಭಾಗದಿಂದ ಇನ್ನೊಂದಕ್ಕೆ ಸುತ್ತಿ ಬಳಸದೆ ಸಾಗುತ್ತದೆ. ಕಟ್ಟಡದ ಬಹುಭಾಗ ಮರದ್ದು. ಚಾವಣಿಯ ಸೌರಫಲಕಗಳು ವಿದ್ಯುತ್ ನೀಡಿದರೆ, ಭೂಮಿಯಾಳಕ್ಕೆ ಕೊರೆದ ಬಾವಿಗಳಿಂದ ಶಾಖ ದೊರೆಯುತ್ತದೆ. ಮರಗಳನ್ನು ಗೋಡೆಯ ಸಮೀಪದವರೆಗೂ ಉಳಿಸಿಕೊಳ್ಳಲಾಗಿದೆ. ಒಳಗಿನ ಕೆಲಸವನ್ನು ಸಂದರ್ಶಕರು ಗಾಜಿನ ಗೋಡೆಯ ಮೂಲಕ ನೋಡಬಹುದು.

ಇಷ್ಟು ಅಲಂಕಾರ ಬೆಂಚು ತಯಾರಿಸಲು ಬೇಕೆ? ಉತ್ತರ ಹಳ್ಳಿಯ ಲೆಕ್ಕದಲ್ಲಿದೆ. ಸಾಮಾನ್ಯ ಶೆಡ್ಡು ಉದ್ಯೋಗವನ್ನಷ್ಟೇ ಕೊಡಬಲ್ಲದು; ಅದನ್ನು ನೋಡಲೆಂದು ಯಾರೂ ಬಸ್ಸಿಳಿಯುವುದಿಲ್ಲ. ನೋಡತಕ್ಕ ಕಾರ್ಖಾನೆ ಪ್ರವಾಸಿಗರನ್ನೂ ಗ್ರಾಹಕರನ್ನೂ ಕರೆತರುತ್ತದೆ. ದುಡಿಯುವ ಸ್ಥಳ ಕಾಡಿನ ನಡುವೆ, ಹಗಲ ಬೆಳಕಿನಲ್ಲಿದ್ದರೆ ನಗರದ ಯುವಕರಿಗೂ ಹಳ್ಳಿಯ ನೌಕರಿ ಶಿಕ್ಷೆ ಎನಿಸದು.

ಆದರೂ ಕಟ್ಟಡವೊಂದೇ ಬೆಳವಣಿಗೆ ತರಲಾರದು. ನಗರಪಾಲಿಕೆಗಳು ಬೆಂಚು ಕೊಳ್ಳುವುದನ್ನು ನಿಲ್ಲಿಸಿದರೆ ಸುಂದರ ಚಾವಣಿಯ ಕೆಳಗೂ ಯಂತ್ರಗಳು ಸುಮ್ಮನಾಗುತ್ತವೆ. ಒಂದೇ ದೊಡ್ಡ ಉದ್ಯಮವನ್ನು ನೆಚ್ಚುವ ಯಾವ ಹಳ್ಳಿಗೂ ಈ ಅಪಾಯ ತಪ್ಪಿದ್ದಲ್ಲ. ಉತ್ತಮ ವಾಸ್ತುಶಿಲ್ಪ ದುಡಿಮೆಗೆ ಘನತೆ ತರಬಲ್ಲದು, ಊರಿಗೆ ಹೆಸರು ತರಬಲ್ಲದು. ಮಾರುಕಟ್ಟೆಯನ್ನು ಮಾತ್ರ ಬೆಂಚಿನ ಗುಣಮಟ್ಟವೇ ಗೆಲ್ಲಬೇಕು.