ಲೆಕ್ಕಕ್ಕೆ ಬಾರದ ಹೊಳೆ

7 ಪೌಂಡ್, 13 ಷಿಲಿಂಗ್, 9 ಪೆನ್ಸ್. ಥೇಮ್ಸ್ ದಡದ ವಾಲ್ಟನ್ ಊರಿನಲ್ಲಿ 1905ರಲ್ಲಿ ಸೆಸಿಲ್ ಹೆಪ್‌ವರ್ತ್ ತಯಾರಿಸಿದ ‘ರೆಸ್ಕ್ಯೂಡ್ ಬೈ ರೋವರ್’ ಮೂಕಿಚಿತ್ರಕ್ಕೆ ತಗುಲಿದ ಖರ್ಚು ಇಷ್ಟೇ. ನಿರ್ದೇಶನ ಲೆವಿನ್ ಫಿಟ್ಜ್‌ಹ್ಯಾಮನ್ ಅವರದು. ಭಿಕ್ಷುಕಿ ಕದ್ದೊಯ್ದ ಕೂಸನ್ನು ಮನೆಯ ನಾಯಿ ಹೊಳೆ ಈಜಿ ಪತ್ತೆಹಚ್ಚುವ ಕಥೆ.

ಆಗ 12 ಪೆನ್ಸಿಗೆ ಒಂದು ಷಿಲಿಂಗ್, 20 ಷಿಲಿಂಗಿಗೆ ಒಂದು ಪೌಂಡ್. ಆಣೆ-ಪೈ ಕಂಡ ನಮ್ಮ ಹಿರಿಯರಿಗೆ ಇದೇನೂ ತೊಡಕಲ್ಲ. ಒಟ್ಟು 1,845 ಪೆನ್ಸ್ ಆಯಿತು. ರೀಲಿನ ಉದ್ದ ಸುಮಾರು 425 ಅಡಿ. ಅಂದರೆ ಅಡಿಗೆ ಬಿದ್ದದ್ದು ನಾಲ್ಕೂಕಾಲು ಪೆನ್ಸಿಗಿಂತ ತುಸು ಹೆಚ್ಚು. ಅಡಿಗೆ 16 ಚೌಕಟ್ಟು. ಸೆಕೆಂಡಿಗೆ 16ರಂತೆ ಓಡಿಸಿದರೆ ಏಳು ನಿಮಿಷದ ಆಟ.

ಇಷ್ಟು ಅಗ್ಗವಾದದ್ದು ಹೇಗೆ? ಕಥೆ ಬರೆದು ತಾಯಿಯ ಪಾತ್ರ ಮಾಡಿದವರು ಹೆಪ್‌ವರ್ತ್‌ರ ಪತ್ನಿ ಮಾರ್ಗರೆಟ್. ಕೂಸು ಮಗಳು ಬಾರ್ಬರಾ. ತಂದೆಯ ಪಾತ್ರಕ್ಕೆ ಸ್ವತಃ ಹೆಪ್‌ವರ್ತ್. ರೋವರ್ ಕೂಡ ಮನೆಯ ನಾಯಿಯೇ, ಹೆಸರು ಬ್ಲೇರ್. ಹೊರಗಿನಿಂದ ಕರೆಸಿದ ಇಬ್ಬರು ವೃತ್ತಿನಟರಿಗೆ ಪ್ರಯಾಣದ ವೆಚ್ಚವೂ ಸೇರಿ ತಲಾ ಅರ್ಧ ಗಿನಿ, ಅಂದರೆ ಹತ್ತೂವರೆ ಷಿಲಿಂಗ್. ಬಜೆಟ್ಟಿನ ಶೇ. 13.7ರಷ್ಟು ಅಲ್ಲಿಗೇ ಹೋಯಿತು. ಬೀದಿ, ಬಿಸಿಲು, ಹೊಳೆ ಪುಕ್ಕಟೆ. ಈ ಹೊಳೆಯಿಲ್ಲದಿದ್ದರೆ ಕಥೆಗೆ ದಮ್ಮೇ ಇರುತ್ತಿರಲಿಲ್ಲ. ನಾಯಿ ಈಜಿ ಹೋಗುತ್ತದೆ, ಈಜಿ ಮರಳುತ್ತದೆ, ಯಜಮಾನನನ್ನು ಕರೆದುಕೊಂಡು ಮತ್ತೆ ನೀರಿಗಿಳಿಯುತ್ತದೆ; ಅವನು ದೋಣಿ ಹಿಡಿಯಬೇಕು. ಮನೆಮಂದಿಯ ದುಡಿಮೆಗೂ ಹೊಳೆಗೂ ಕೂಲಿ ಕಟ್ಟಿದ್ದರೆ ಏಳು ಪೌಂಡಿನ ಈ ದಂತಕಥೆ ಹುಟ್ಟುತ್ತಲೇ ಇರಲಿಲ್ಲ.

ಆಗ ತಯಾರಕರು ಚಿತ್ರಗಳನ್ನು ಬಾಡಿಗೆಗೆ ಕೊಡುತ್ತಿರಲಿಲ್ಲ, ಪ್ರತಿಗಳನ್ನೇ ಮಾರುತ್ತಿದ್ದರು. ಪ್ರತಿಯೊಂದಕ್ಕೆ 10 ಪೌಂಡ್ 12 ಷಿಲಿಂಗ್ 6 ಪೆನ್ಸ್, ಸರಿಯಾಗಿ ಅಡಿಗೆ ಆರು ಪೆನ್ಸ್. ಮಾರಾಟವಾದದ್ದು 395 ಪ್ರತಿ. ಗುಣಿಸಿದರೆ 4,196 ಪೌಂಡ್ 17 ಷಿಲಿಂಗ್ 6 ಪೆನ್ಸ್: ಹಾಕಿದ ದುಡ್ಡಿನ ಸುಮಾರು 546 ಪಟ್ಟು. ಇದನ್ನು ಲಾಭವೆಂದು ಬರೆಯುವವರಿದ್ದಾರೆ. ಅಲ್ಲ, ಇದು ಬರೀ ವಹಿವಾಟು. ಅಷ್ಟು ಪ್ರತಿಗಳಿಗೆ ಬೇಕಾದ ಫಿಲ್ಮೇ 1,67,875 ಅಡಿ, 51 ಕಿಲೋಮೀಟರ್. ಅದರ ಬೆಲೆ, ತೊಳೆದು ಅಚ್ಚು ಹಾಕುವ ಖರ್ಚು ಕಳೆಯಬೇಕು. ಅಚ್ಚು ತೆಗೆದು ತೆಗೆದು ನೆಗೆಟಿವ್ ಸವೆದುಹೋಗಿ ಇಡೀ ಚಿತ್ರವನ್ನು ಮತ್ತೆರಡು ಬಾರಿ ತೆಗೆಯಬೇಕಾಯಿತು. ಪಾಪ, ನಾಯಿ ಪುನಃ ನೀರಿಗೆ!

1927ರ ಸಿನಿಮಾಟೋಗ್ರಾಫ್ ಫಿಲ್ಮ್ಸ್ ಕಾಯ್ದೆ ಬ್ರಿಟನ್ನಿನ ಚಿತ್ರಮಂದಿರಗಳಿಗೆ ಸ್ವದೇಶಿ ಚಿತ್ರಗಳ ಪಾಲು ಕಡ್ಡಾಯ ಮಾಡಿದ ಮೇಲೆ, ಆ ಪಾಲು ತುಂಬಲೆಂದೇ ಅಗ್ಗದಲ್ಲಿ ಅವಸರದಿಂದ ತೆಗೆದ ‘ಕೋಟಾ ಕ್ವಿಕೀ’ಗಳು ಬಂದವು. ವಿತರಕರು ಕೊಡುತ್ತಿದ್ದ ದರ ಸುಮಾರಾಗಿ ಅಡಿಗೆ ಒಂದು ಪೌಂಡ್, ಅಂದರೆ 240 ಪೆನ್ಸ್. ರೋವರ್‌ನ ಖರ್ಚಿಗೆ ಹೋಲಿಸಿದರೆ 55 ಪಟ್ಟು. ನಡುವೆ ಮಹಾಯುದ್ಧದ ಬೆಲೆಯೇರಿಕೆಯಾಗಿತ್ತು, ತೆರೆಗೆ ಮಾತು ಬಂದಿತ್ತು, ನಿಜ. ಆದರೂ ಅಗ್ಗದ ಮಾಲು ಎಂದು ಬೈಸಿಕೊಂಡದ್ದು ಈ ಚಿತ್ರಗಳೇ.